ಉಮಿಯೋದ ಬಿಳಿ ಚುಕ್ಕೆಗಳು

ಕಮಲಾಪುರ

ಸ್ವೀಡನ್ನಿಗೆ ಹೋಗಿ ಬಂದೆ ಎಂದರೆ ಸೇಡಂ ರಸ್ತೆಯ ನಮ್ಮ ಲೇಔಟಿನಲ್ಲಿ ಕೇಳುವ ಮೊದಲ ಪ್ರಶ್ನೆ ಊಟದ್ದು. ಅಲ್ಲಿ ರೊಟ್ಟಿ ಸಿಗುತ್ತದೆಯೇ, ಎಷ್ಟು ದಿನ ಬರೀ ಬ್ರೆಡ್ಡು ತಿಂದಿರಿ ಎಂದು. ಎರಡನೆಯದು ಚಳಿಯದು. ಹೋದ ಕೆಲಸ ಏನಾಯಿತು ಎಂದು ಈವರೆಗೆ ಒಬ್ಬರೂ ಕೇಳಿಲ್ಲ, ಅದು ನನ್ನ ಪುಣ್ಯ. ಕೆಲಸ ಹಾಳಾಯಿತು. ಹಾಳು ಮಾಡಿದವಳು ನಾನೇ, ಅದೂ ವಿಮಾನ ಹತ್ತುವ ಎಷ್ಟೋ ಮೊದಲೇ, ಕಲಬುರಗಿಯಲ್ಲೇ ಕೂತು, ಬಲು ಶ್ರದ್ಧೆಯಿಂದ. ಹಿಮ, ಸರೋವರ, ಸಾರಂಗಗಳ ಬಗ್ಗೆ ಓದಬೇಕೆಂದು ಕೂತವರು ಇಲ್ಲಿಗೇ ಎದ್ದು ಹೋದರೆ ನನಗೆ ಬೇಜಾರಿಲ್ಲ.

ನಾನು ಒಂದು ವೈದ್ಯಕೀಯ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಡಬ್ಬಿಗಳಲ್ಲಿ ಬಂದ ರಕ್ತ, ಮೂತ್ರ, ಮಲವನ್ನು ತಟ್ಟೆಗಳ ಮೇಲೆ ಸವರಿಟ್ಟು, ಮರುದಿನ ಯಾವ ಜೀವಾಣು ಬೆಳೆದಿದೆ ಎಂದು ನೋಡಿ ಬರೆದುಕೊಡುತ್ತೇನೆ. ರೋಗಿಗಳು ಡಾಕ್ಟರರಿಗೆ ಕೈಮುಗಿಯುತ್ತಾರೆ, ನರ್ಸುಗಳನ್ನು ಬೈಯುತ್ತಾರೆ, ಲ್ಯಾಬಿನ ಬಾಗಿಲಿಗೆ ಮಾತ್ರ ಯಾರೂ ಬರುವುದಿಲ್ಲ. ಮೂರು ವರ್ಷದ ಹಿಂದೆ ಶರಣಮ್ಮ ಬಂದಳು. ಕಮಲಾಪುರದವಳು, ಹೆದ್ದಾರಿಯ ಬದಿಗೆ ತಾಡಪತ್ರಿ ಕಟ್ಟಿಕೊಂಡು ಕೆಂಪು ಬಾಳೆಹಣ್ಣು ಮಾರುತ್ತಾಳೆ. ಅದಕ್ಕೂ ಹದಿನೈದು ದಿನ ಮೊದಲು ಅವಳ ಇಬ್ಬರು ಹೆಣ್ಣುಮಕ್ಕಳು ರಕ್ತಭೇದಿಯಾಗಿ ನಮ್ಮಲ್ಲಿಗೆ ಬಂದಿದ್ದರು. ಏಳು ವರ್ಷದ ಲಕ್ಷ್ಮಿ ಮೂರನೆಯ ದಿನ ತೀರಿಕೊಂಡಿದ್ದಳು. ಐದು ವರ್ಷದ ಸುಜಾತಾ ಉಳಿದಿದ್ದಳು. ಇಬ್ಬರ ಡಬ್ಬಿಯಲ್ಲೂ ನಾನು ಕಂಡದ್ದು ಒಂದೇ ಜೀವಾಣು, ಶಿಗೆಲ್ಲ.

ಶರಣಮ್ಮ ಅಳಲಿಲ್ಲ. ಕಿಟಕಿಯ ಹೊರಗೆ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಲೆಕ್ಕ ತಪ್ಪಿದ ಮಗು ಮಾಸ್ತರರ ಹತ್ತಿರ ಕೇಳುವ ಹಾಗೆ ಕೇಳಿದಳು.

"ಎರಡೂ ಒಂದೇ ಗಂಗಾಳದಾಗ ಉಂಡಾವ್ರಿ ಬಾಯಾರ. ದೊಡ್ಡಾಕಿ ಗಟ್ಟಿ ಇದ್ಳು, ಸಣ್ಣಾಕೇ ನಾಜೂಕು. ದೊಡ್ಡಾಕಿಗಿ ಕೆಮ್ಮು ಬಂದದಂತ ಹಿಂದಿನ ವಾರ ಮನ್ಯಾಗ ಉಳದಿದ್ದ ನಾಕು ಗುಳಿಗಿ ಕೊಟ್ಟಿದ್ದೆ. ಅದಕ್ಕೇ ಹೋದ್ಳೇನ್ರಿ?"

ಇಲ್ಲ ಎಂದುಬಿಡಬೇಕಿತ್ತು. ಬುದ್ಧಿ ಇದ್ದ ಯಾರಾದರೂ ಹಾಗೇ ಅನ್ನುತ್ತಿದ್ದರು. ಆದರೆ ನಾನು ಆಗಷ್ಟೇ ಅದೇ ವಿಷಯ ಓದಿದ್ದೆ. ರೋಗದ ಜೀವಾಣು ಕರುಳಿಗೆ ಬಂದ ಕೂಡಲೇ ಕಚ್ಚುವುದಿಲ್ಲವಂತೆ. ಮೊದಲು ಅಲ್ಲಿನ ವಾಸನೆ ನೋಡುತ್ತದಂತೆ. ನಮ್ಮ ಕರುಳಿನಲ್ಲಿ ಹುಟ್ಟಿನಿಂದ ನೆಲೆಸಿದ ಒಳ್ಳೆಯ ಜೀವಾಣುಗಳು ನಾವು ಉಂಡ ಅನ್ನವನ್ನು ಒಡೆದು ಇಂಡೋಲ್ ಎಂಬ ವಸ್ತುವನ್ನು ಬಿಡುತ್ತವೆ. ಅದು ದಂಡಿಯಾಗಿದ್ದರೆ ಎಷ್ಟೋ ರೋಗಾಣುಗಳು ತಮ್ಮ ಆಯುಧವನ್ನು ಹೊರಗೆ ತೆಗೆಯುವುದೇ ಇಲ್ಲ, ಸುಮ್ಮನೆ ಹಾದುಹೋಗುತ್ತವೆ. ಅದು ಇಲ್ಲದಿದ್ದರೆ, ಅಥವಾ ಹೆದರಿದ ಮೈಯಲ್ಲಿ ಹರಿಯುವ ಅಡ್ರಿನಲಿನ್ ಸಿಕ್ಕರೆ, ಕೆಲವು ಕೆರಳಿ ನಿಲ್ಲುತ್ತವೆ. ಇಂಡೋಲ್ ನನಗೆ ಹೊಸದಲ್ಲ. ಜೀವಾಣು ಯಾವುದೆಂದು ಗುರುತಿಸಲು ದಿನವೂ ಕೊಳವೆಗೆ ಎರಡು ಹನಿ ಹಾಕಿ ಕೆಂಪು ಉಂಗುರ ಬಂತೇ ಎಂದು ನೋಡುವ ಪರೀಕ್ಷೆಯೇ ಅದು. ಇಷ್ಟು ವರ್ಷ ನೋಡಿದರೂ ಆ ಉಂಗುರದಲ್ಲಿ ಒಬ್ಬರ ಜೀವ ಇರಬಹುದೆಂದು ಹೊಳೆದಿರಲಿಲ್ಲ.

ಆ ನಾಲ್ಕು ಗುಳಿಗೆ ಆಂಟಿಬಯಾಟಿಕ್ ಆಗಿದ್ದು, ಲಕ್ಷ್ಮಿಯ ಕರುಳಿನ ಒಳ್ಳೆಯ ಜೀವಾಣುಗಳನ್ನು ತೊಳೆದುಹಾಕಿದ್ದರೆ? ಇಂಡೋಲ್ ಬತ್ತಿದ ಹೊತ್ತಿಗೇ ಶಿಗೆಲ್ಲ ಬಂದಿದ್ದರೆ? ಹಾಗಿದ್ದರೆ ಶರಣಮ್ಮನ ಭಯ ಖರೆ. ಆದರೆ ಈ ಶಿಗೆಲ್ಲ ಇಂಡೋಲಿಗೆ ಕ್ಯಾರೇ ಅನ್ನದ ಜಾತಿಯದಾಗಿದ್ದರೆ ಗುಳಿಗೆ ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. ಆಗ ತಾಯಿಯ ತಲೆಯ ಮೇಲಿನ ಕಲ್ಲು ಇಳಿಯುತ್ತದೆ. ಆ ಜೀವಾಣು ನನ್ನ ಕೈಯಲ್ಲಿತ್ತು. ತಿಳಿದುಕೊಂಡು ಹೇಳುತ್ತೇನೆ ಎಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಜಗತ್

ತಿಳಿದುಕೊಳ್ಳಲು ಮನುಷ್ಯರ ಕರುಳಿನ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಬೇಕು, ಅದರ ಮೇಲೆ ಶಿಗೆಲ್ಲ ಬಿಡಬೇಕು, ಒಮ್ಮೆ ಇಂಡೋಲ್ ಹಾಕಿ, ಒಮ್ಮೆ ಹಾಕದೆ. ಆ ಸೌಕರ್ಯ ನಮ್ಮಲ್ಲಿಲ್ಲ. ಅರ್ಜಿ ಬರೆದೆ, ಮತ್ತೆ ಬರೆದೆ, ಕೊನೆಗೆ ಸ್ವೀಡನ್ನಿನ ಉತ್ತರಕ್ಕಿರುವ ಉಮಿಯೋ ಎಂಬ ಊರಿನಿಂದ ಇಂಗ್ರಿಡ್ ಎಂಬ ವಿಜ್ಞಾನಿ, ಆರು ವಾರ ಬಾ, ನಿನ್ನ ಜೀವಾಣುವನ್ನೂ ಕಳಿಸು ಎಂದು ಉತ್ತರ ಬರೆದಳು. ಅಷ್ಟು ಹೊತ್ತಿಗೆ ಮೂರು ವರ್ಷವಾಗಿತ್ತು.

ಆ ಮೂರು ವರ್ಷ ಶಿಗೆಲ್ಲವನ್ನು ಬದುಕಿಸಿಟ್ಟದ್ದು ನಾನು. ಡೀಪ್ ಫ್ರೀಜರಿನಲ್ಲಿಟ್ಟಿದ್ದ ಎರಡು ಸೀಸೆ ಮೊದಲ ಬೇಸಿಗೆಯಲ್ಲೇ ಹೋದವು, ಎರಡು ದಿನ ಕರೆಂಟಿಲ್ಲದೆ. ಉಳಿದದ್ದು ತಟ್ಟೆಯಲ್ಲಿ ಬೆಳೆಯುತ್ತಿದ್ದದ್ದು ಒಂದೇ. ಮನೆಯಲ್ಲಿ ನಾನು ನಿತ್ಯ ಮಾಡುವುದನ್ನೇ ಲ್ಯಾಬಿನಲ್ಲೂ ಮಾಡಿದೆ. ನಿನ್ನೆಯ ಮೊಸರಿನ ಹೆಪ್ಪು ಇಂದಿನ ಹಾಲಿಗೆ, ಇಂದಿನದು ನಾಳೆಗೆ. ನಮ್ಮತ್ತೆಯ ಹೆಪ್ಪಿಗೆ ನನ್ನ ಮದುವೆಗಿಂತ ವಯಸ್ಸು ಜಾಸ್ತಿ, ಒಂದು ದಿನ ತಪ್ಪಿಸಿದರೆ ಮನೆಯಲ್ಲಿ ರಾಮಾಯಣ. ಹಾಗೆಯೇ ಹದಿನೈದು ದಿನಕ್ಕೊಮ್ಮೆ ಹಳೆಯ ತಟ್ಟೆಯಿಂದ ದುಂಡಗೆ, ದೊಡ್ಡದಾಗಿ, ಚೆಂದ ಬೆಳೆದ ಜೀವಾಣುಗಳ ಚುಕ್ಕೆಯೊಂದನ್ನು ಆರಿಸಿ ಹೊಸ ಆಹಾರಕ್ಕೆ ದಾಟಿಸುತ್ತಿದ್ದೆ. ದೀಪಾವಳಿಗೂ ತಪ್ಪಿಸಲಿಲ್ಲ. ನನಗೆ ಡೆಂಗಿ ಬಂದಾಗ ಗಂಡನ ಸ್ಕೂಟರಿನ ಹಿಂದೆ ಕೂತು ಲ್ಯಾಬಿಗೆ ಹೋಗಿ ದಾಟಿಸಿ ಬಂದೆ. ಆ ಹೊತ್ತಿನ ನನ್ನ ಹೆಮ್ಮೆ ನೆನೆದರೆ ಈಗ ಮೈ ಉರಿಯುತ್ತದೆ.

ಸ್ವೆಟರ್ ಕೊಳ್ಳಲು ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಜಗತ್ ಬಜಾರಿಗೆ ಹೋದೆ. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಬಿಸಿಲು. ಅಂಗಡಿಯವರು ಫ್ಯಾನಿನ ಕೆಳಗೆ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಬಿಯತ್ ಠೀಕ್ ಅದಾ ಏನ್ರಿ ಮೇಡಂ ಎಂದು ವಿಚಾರಿಸಿದರು. ಅಟ್ಟದ ಮೇಲಿನಿಂದ ಗೋಣಿಚೀಲ ಇಳಿಸಿ, ನುಸಿಗುಳಿಗೆಯ ವಾಸನೆ ಹೊಡೆಯುವ ಒಂದು ಕಂದು ಸ್ವೆಟರನ್ನು ಕೊಟ್ಟರು. ಹೊರಡುವ ಹಿಂದಿನ ದಿನ ಕಮಲಾಪುರಕ್ಕೂ ಹೋಗಿ ಬಂದೆ. ಶರಣಮ್ಮ ಒಂದು ಚಿಪ್ಪು ಕೆಂಪು ಬಾಳೆಹಣ್ಣನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಆಗ ಎಂಟು ವರ್ಷದವಳಾಗಿದ್ದ ಸುಜಾತಾ, ಅಲ್ಲಿ ಆನೆ ಅದಾವೇನ್ರಿ ಎಂದು ಕೇಳಿದಳು.

ಅರ್ಲಾಂಡಾ

ಅರ್ಲಾಂಡಾ ಎಂದರೆ ಸ್ಟಾಕ್‌ಹೋಮಿನ ವಿಮಾನ ನಿಲ್ದಾಣ. ಹಣ್ಣು ತರಬಾರದೆಂದು ಯಾರೋ ಹೆದರಿಸಿದ್ದರು. ನಾನಾಗಿಯೇ ಕಸ್ಟಮ್ಸಿನ ಹೆಣ್ಣುಮಗಳ ಹತ್ತಿರ ಹೋಗಿ ಪೇಪರು ಬಿಚ್ಚಿ ಬಾಳೆಹಣ್ಣು ತೋರಿಸಿದೆ. ಅವಳು ಬಾಳೆಹಣ್ಣು ಕೆಂಪಗಿರುವುದನ್ನು ಜನ್ಮದಲ್ಲಿ ಕಂಡಿರಲಿಲ್ಲ. ಪಕ್ಕದವನನ್ನು ಕರೆದು ತೋರಿಸಿದಳು, ಇಬ್ಬರೂ ನಕ್ಕರು, ಬಾಳೆಹಣ್ಣಿಗೆ ಅಡ್ಡಿಯಿಲ್ಲ ಎಂದಳು. ಆಮೇಲೆ, ಹಾಲಿನದು ಏನಾದರೂ ಇದೆಯೇ ಎಂದಳು.

ಇತ್ತು. ನಮ್ಮತ್ತೆ ಕಾಸಿದ ತುಪ್ಪ, ಸ್ಟೀಲಿನ ಡಬ್ಬಿಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿ. ಅದನ್ನು ಒಳಗೆ ಬಿಡುವಂತಿಲ್ಲವಂತೆ, ಹಾಲಿನಿಂದ ರೋಗ ಬರುತ್ತದಂತೆ. ಕೈಗವಸು ಹಾಕಿಕೊಂಡು ಮುಚ್ಚಳ ತೆಗೆದಳು, ಘಮಕ್ಕೆ ಒಂದು ಕ್ಷಣ ಸುಮ್ಮನೆ ನಿಂತಳು, ಆಮೇಲೆ ಕಸದ ಡಬ್ಬಿಗೆ ಹಾಕಿದಳು. ಒಂದು ಓಣಿಯ ಮಕ್ಕಳನ್ನೆಲ್ಲ ಮಲಗಿಸಬಲ್ಲ ಜೀವಾಣು ನನಗಿಂತ ಮೊದಲೇ ಕೊರಿಯರಿನಲ್ಲಿ, ಮೂರು ಪದರದ ಡಬ್ಬಿಯಲ್ಲಿ, ಸಹಿ ಮೊಹರು ಹಾಕಿಸಿಕೊಂಡು ಮರ್ಯಾದೆಯಿಂದ ದೇಶದೊಳಗೆ ಹೋಗಿತ್ತು. ತುಪ್ಪಕ್ಕೆ ಈ ಗತಿ. ಹಾಗೆಂದುಕೊಂಡು ಒಳಗೊಳಗೇ ನಕ್ಕೆ. ಒಳಗೆ ಹೋದದ್ದು ಏನೆಂದು ಗೊತ್ತಿದ್ದರೆ ನಗು ಬರುತ್ತಿರಲಿಲ್ಲ.

ಉಮಿಯೋ, ಮೊದಲ ವಾರ

ಉಮಿಯೋದಲ್ಲಿ ಮೇ ತಿಂಗಳಲ್ಲಿ ಕತ್ತಲಾಗುವುದಿಲ್ಲ. ರಾತ್ರಿ ಹತ್ತು ಗಂಟೆಗೂ ಬೆಳಕು, ಮಲಗಿ ಎದ್ದರೂ ಬೆಳಕು. ಊರ ತುಂಬ ಬರ್ಚ್ ಎಂಬ ಬಿಳಿ ತೊಗಟೆಯ ಮರಗಳು, ಆಗಷ್ಟೇ ಚಿಗುರುತ್ತಿದ್ದವು. ಬಸ್ ನಿಲ್ದಾಣದಲ್ಲಿ ಜನ ಒಬ್ಬರಿಂದೊಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ, ಜಗಳ ಆಡಿಕೊಂಡು ಬಂದವರ ಹಾಗೆ. ನಾನು ಕಲಬುರಗಿಯ ರೂಢಿಯಲ್ಲಿ ಹತ್ತಿರ ಹೋಗಿ ನಿಂತರೆ ಮುದುಕಪ್ಪನೊಬ್ಬ ಮೆಲ್ಲಗೆ ಸರಿದ. ನಾನೂ ಸರಿದೆ. ಅವನು ಮತ್ತೆ ಸರಿದ. ಬಸ್ಸು ಬರುವ ಹೊತ್ತಿಗೆ ಇಬ್ಬರೂ ನಿಲ್ದಾಣದಿಂದ ಹೊರಗೆ ಬಂದಿದ್ದೆವು.

ಬಟ್ಟೆ ಒಗೆಯುವುದಕ್ಕೆ ಕಟ್ಟಡದ ಕೆಳಗೆ ಒಂದು ಕೋಣೆ, ಎಲ್ಲರಿಗೂ ಸೇರಿ. ಗೋಡೆಯ ಪಟ್ಟಿಯಲ್ಲಿ ಹೆಸರು ಬರೆದು ಹೊತ್ತು ಹಿಡಿಯಬೇಕೆಂದು ನನಗೆ ಗೊತ್ತಿರಲಿಲ್ಲ. ಮಷೀನು ಖಾಲಿ ಇತ್ತು, ಹಾಕಿದೆ. ಬಂದು ನೋಡಿದರೆ ನನ್ನ ಹಸಿ ಬಟ್ಟೆಯೆಲ್ಲ ಚೆಂದಾಗಿ ಮಡಿಸಿ ಬುಟ್ಟಿಯಲ್ಲಿಟ್ಟಿತ್ತು, ಮೇಲೊಂದು ಚೀಟಿ. ಲ್ಯಾಬಿನ ಎಮಿಲ್ ಎಂಬ ಹುಡುಗ ಓದಿ ಹೇಳಿದ: ಬಹಳ ವಿನಯದಿಂದ ಬರೆದಿದ್ದಾರೆ, ಅಂದರೆ ಬಹಳ ಸಿಟ್ಟು ಬಂದಿದೆ. ನಮ್ಮಲ್ಲಾದರೆ ಒಂದಿಷ್ಟು ಕೂಗಾಡಿ, ಆಮೇಲೆ ಚಹಾ ಕುಡಿಸಿ ಮುಗಿಸುತ್ತಿದ್ದೆವು.

ನೀರು ಮಾತ್ರ ನನ್ನನ್ನು ಸಂಕಟಕ್ಕೆ ಹಾಕಿತು. ಯಾವ ನಲ್ಲಿಗಾದರೂ ಲೋಟ ಹಿಡಿದು ಕುಡಿಯುತ್ತಾರೆ, ಸಂಡಾಸಿನ ನಲ್ಲಿಯದನ್ನೂ. ಇಂಗ್ರಿಡ್‌ಗೆ ಅರವತ್ತು ದಾಟಿದೆ. ತಲೆ ಬೆಳ್ಳಗಾಗುವವರೆಗೂ ಕರುಳಿನ ರೋಗಾಣುಗಳ ಹಿಂದೆಯೇ ಬಿದ್ದವಳು, ಅವು ಯಾವ ವಾಸನೆಗೆ ಏಳುತ್ತವೆ, ಯಾವುದಕ್ಕೆ ಮಲಗುತ್ತವೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಿಯಾಳು. ಭೇದಿಯಿಂದ ಸತ್ತ ಮಗುವನ್ನು ನೋಡಿದ್ದೀಯಾ ಎಂದು ಒಮ್ಮೆ ಕೇಳಿದೆ. ಒಂದನ್ನೂ ನೋಡಿಲ್ಲ ಎಂದಳು, ಸಂಕೋಚದಿಂದಲೇ. ಅದರಲ್ಲಿ ಅವಳ ತಪ್ಪಿಲ್ಲ. ಆದರೂ ಆ ದಿನ ಲೋಟಕ್ಕೆ ಹಿಡಿದ ನಲ್ಲಿಯ ನೀರನ್ನು ಚೆಲ್ಲಿಬಿಟ್ಟೆ.

ಬೆಳಿಗ್ಗೆ ಒಂಬತ್ತೂವರೆಗೆ, ಮಧ್ಯಾಹ್ನ ಮೂರಕ್ಕೆ, ಅಲ್ಲಿ ಎಲ್ಲ ಕೆಲಸ ನಿಲ್ಲಿಸಿ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಾರೆ. ಫೀಕಾ ಎನ್ನುತ್ತಾರೆ. ತಪ್ಪಿಸುವಂತಿಲ್ಲ. ನಾನು ಉಳಿಸಿಟ್ಟಿದ್ದ ಕೆಂಪು ಬಾಳೆಹಣ್ಣನ್ನು ಮೊದಲ ಫೀಕಾದಲ್ಲೇ ಹಂಚಿದೆ, ಒಂದೊಂದನ್ನು ಚಾಕುವಿನಲ್ಲಿ ಕತ್ತರಿಸಿ ಇಬ್ಬಿಬ್ಬರು ತಿಂದರು. ಲಕ್ಷ್ಮಿಯ ಕಥೆ ಹೇಳಿದೆ. ಎಲ್ಲರೂ ಕಪ್ಪು ಕೆಳಗಿಟ್ಟು ಕೇಳಿದರು. ಆಮೇಲೆ ಎಮಿಲ್, ಜೀವಾಣುವನ್ನು ಇಷ್ಟು ವರ್ಷ ಹೇಗೆ ಇಟ್ಟಿರಿ ಎಂದ. ನಾನು ಎದೆಯುಬ್ಬಿಸಿ ಹೇಳಿದೆ: ಹದಿನೈದು ದಿನಕ್ಕೊಮ್ಮೆ, ಮೂರು ವರ್ಷ, ಒಂದು ಸಲವೂ ತಪ್ಪಿಸದೆ, ಪ್ರತಿ ಸಲ ಎಲ್ಲಕ್ಕಿಂತ ಚೆನ್ನಾಗಿ ಬೆಳೆದ ಚುಕ್ಕೆಯನ್ನೇ ಆರಿಸಿ. ಡೆಂಗಿಯ ಸಂಗತಿಯನ್ನೂ ಹೇಳಿದೆ.

ಯಾರೂ ಮಾತಾಡಲಿಲ್ಲ. ಇಲ್ಲಿನ ಜನ ಮೌನಿಗಳು ಎಂದು ಓದಿದ್ದೆ. ಮೆಚ್ಚಿಕೊಂಡಿದ್ದಾರೆ ಎಂದುಕೊಂಡು ಎರಡನೆಯ ಕಪ್ಪು ಕಾಫಿ ಬಗ್ಗಿಸಿಕೊಂಡೆ.

ಉಮಿಯೋ, ಎರಡನೆಯ ಮಂಗಳವಾರ

ಸೋಮವಾರ ಎಮಿಲ್ ನನ್ನ ಶಿಗೆಲ್ಲವನ್ನು ಕೆಂಪು ಬಣ್ಣ ಬೆರೆಸಿದ ತಟ್ಟೆಗಳ ಮೇಲೆ ಸವರಿದ. ಆಯುಧ ಇರುವ ಶಿಗೆಲ್ಲ ಆ ಬಣ್ಣವನ್ನು ಹೀರಿ ಕೆಂಪು ಚುಕ್ಕೆಯಾಗಿ ಬೆಳೆಯುತ್ತದೆ. ಆಯುಧ ಇಲ್ಲದ್ದು ಬಿಳಿಯಾಗಿ. ನಮ್ಮಲ್ಲಿ ಈ ಪರೀಕ್ಷೆ ಮಾಡುವ ರೂಢಿಯಿಲ್ಲ. ಶಿಗೆಲ್ಲ ಹೌದೋ ಅಲ್ಲವೋ ಎಂದು ಹೇಳಿದರೆ ನಮ್ಮ ಕೆಲಸ ಮುಗಿಯಿತು.

ಮಂಗಳವಾರ ಬೆಳಿಗ್ಗೆ ಇಂಗ್ರಿಡ್ ನನ್ನನ್ನು ಕರೆದಳು. ಮೇಜಿನ ಮೇಲೆ ಹನ್ನೆರಡು ತಟ್ಟೆಗಳು. ಎಲ್ಲದರಲ್ಲೂ ದುಂಡಗೆ, ದೊಡ್ಡದಾಗಿ, ಚೆಂದ ಬೆಳೆದ ಚುಕ್ಕೆಗಳು. ಒಂದೂ ಬಿಡದೆ ಬಿಳಿ.

ಇಂಗ್ರಿಡ್ ಕುರ್ಚಿ ಎಳೆದು ನನ್ನನ್ನು ಕೂರಿಸಿ, ಚಿಕ್ಕ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಆಯುಧ ಹೊರುವುದು ಜೀವಾಣುವಿಗೆ ಭಾರ. ಕರುಳಿನಲ್ಲಿದ್ದರೆ ಆ ಭಾರಕ್ಕೆ ಫಲವಿದೆ. ತಟ್ಟೆಯಲ್ಲಿ ಹದಿನೈದು ದಿನಕ್ಕೊಮ್ಮೆ ಯಾರೋ ತಂದು ಆಹಾರ ಹಾಕುತ್ತಿದ್ದರೆ ಏನಕ್ಕೆ ಬೇಕು? ಲಕ್ಷದಲ್ಲಿ ಒಂದು ಅದನ್ನು ಬಿಸಾಡಿ ಹಗುರಾಗುತ್ತದೆ, ಹಗುರಾದದ್ದು ಬೇಗ ಬೆಳೆಯುತ್ತದೆ, ದೊಡ್ಡ ಚುಕ್ಕೆಯಾಗುತ್ತದೆ. ಆ ದೊಡ್ಡ ಚುಕ್ಕೆಯನ್ನೇ ಆರಿಸಿ ಆರಿಸಿ ಮುಂದಕ್ಕೆ ದಾಟಿಸಿದವಳು ನಾನು. ಆಯುಧದ ಜೊತೆಗೇ ಅದನ್ನು ಯಾವಾಗ ಹೊರಗೆ ತೆಗೆಯಬೇಕೆಂಬ ಜ್ಞಾನವೂ ಹೋಯಿತು. ಈಗ ಅದಕ್ಕೆ ಇಂಡೋಲ್ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ಯಾವ ಮಗುವಿನ ಕರುಳಿಗೆ ಬಿಟ್ಟರೂ ಅದು ಏನೂ ಮಾಡದು. ಹಾಲು ಕಾಸಿ, ಆರಿಸಿ, ಹೆಪ್ಪು ಹಾಕಿ, ಕೊಲೆಗಾರನನ್ನು ನಾನು ಮೂರು ವರ್ಷ ಸಾಕಿ ಸಾಧು ಮಾಡಿದ್ದೆ.

ಹಾಗಾದರೆ ಹಳೆಯ ಗುಣದ್ದು ಒಂದೂ ಉಳಿದಿಲ್ಲವೇ ಎಂದು ಕೇಳಿದೆ. ಎಲ್ಲವೂ ಹೋಯಿತೇ?

ಇಂಗ್ರಿಡ್ ಬಾಯನ್ನು ಸಣ್ಣಗೆ ಮಾಡಿ ಶುಪ್ ಎಂದು ಉಸಿರನ್ನು ಒಳಗೆಳೆದುಕೊಂಡಳು. ಅವಳಿಗೆ ಏನೋ ಆಯಿತೆಂದು ನಾನು ಗಾಬರಿಯಾಗಿ ನೀರು ಕೊಡಲು ಹೋದೆ. ಎಮಿಲ್ ನನ್ನ ಕೈ ಹಿಡಿದು ಕೂರಿಸಿದ. ಅವರ ಊರ ಕಡೆ ಹೌದು ಎನ್ನುವುದು ಹಾಗೆಯೇ ಅಂತೆ.

ಆದರೂ ಎಮಿಲ್ ಕೈಬಿಡಲಿಲ್ಲ. ನನಗಾಗಿ ಒಂದು ವಾರ ತಟ್ಟೆಗಳ ಮೇಲೆ ತಟ್ಟೆ ಹಾಕಿದ. ಸಾವಿರ ಬಿಳಿಯ ನಡುವೆ ಒಂದಾದರೂ ಕೆಂಪು ಸಿಕ್ಕರೆ ಅದರಿಂದ ಮತ್ತೆ ಶುರು ಮಾಡಬಹುದಿತ್ತು. ದಿನಾ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಹೋಗಿ ಮುಚ್ಚಳ ತೆಗೆಯದೆ, ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕುತ್ತಿದ್ದೆ. ಮಗುವನ್ನು ಕೊಂದ ವಸ್ತು ಸಿಗಲಿ ದೇವರೇ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ಶನಿವಾರ ಒಂದು ಕಡೆ ಕೆಂಪಗೆ ಕಂಡಿತು. ಎಮಿಲ್‌ನನ್ನು ಕೂಗಿದೆ. ಅವನು ಭೂತಗನ್ನಡಿಯಲ್ಲಿ ನೋಡಿ, ಬಣ್ಣದ ಪುಡಿ ಕರಗದೆ ಉಳಿದಿದೆ ಎಂದ.

ನದಿಯ ದಂಡೆ

ಟಿಕೆಟ್ಟು ಬದಲಿಸುವಂತಿರಲಿಲ್ಲ. ಇನ್ನೂ ಮೂರು ವಾರ ಅಲ್ಲೇ ಇರಬೇಕಾಯಿತು. ನೋವಾಗಬಾರದೆಂದು ಅವರು ನನಗೆ ತಮ್ಮದೇ ಕೆಲಸ ಕೊಟ್ಟು ಕಲಿಸಿದರು. ಇಂಡೋಲ್ ಹಾಕಿದ ತಟ್ಟೆಯಲ್ಲಿ ಅವರ ರೋಗಾಣು ಜೀವಕೋಶಗಳನ್ನು ಮುಟ್ಟದೆ ತೇಲುವುದನ್ನೂ, ಹಾಕದ ತಟ್ಟೆಯಲ್ಲಿ ಕೋಶಗಳೊಳಗೆ ನುಗ್ಗುವುದನ್ನೂ ಸೂಕ್ಷ್ಮದರ್ಶಕದಲ್ಲಿ ನನ್ನ ಕಣ್ಣಾರೆ ನೋಡಿದೆ. ನೋಡಬೇಕೆಂದು ಬಂದದ್ದು ಅದೇ. ಆದರೆ ಅದು ಯಾರದೋ ರೋಗಾಣು, ಯಾವುದೋ ದೇಶದ್ದು. ಕಮಲಾಪುರದ ಗಂಗಾಳದಲ್ಲಿದ್ದದ್ದು ಹೇಗೆ ನಡೆದುಕೊಳ್ಳುತ್ತಿತ್ತು ಎಂದು ಅದರಿಂದ ಹೇಳಲಾಗದು. ಹೇಳಲಾಗದು ಎಂದು ಇಂಗ್ರಿಡ್ ಕೂಡ ಎರಡೆರಡು ಸಲ ಹೇಳಿದಳು.

ಸಂಜೆ ನದಿಯ ದಂಡೆಗೆ ಹೋಗಿ ಕೂರುತ್ತಿದ್ದೆ. ಬಾಣಂತಿಯರ ಹಾಗೆ ಗಂಡಸರು ಮಕ್ಕಳ ಗಾಡಿ ತಳ್ಳಿಕೊಂಡು ತಿರುಗುತ್ತಾರೆ ಅಲ್ಲಿ, ಒಬ್ಬೊಬ್ಬರೇ, ಗುಂಪಾಗಿಯೂ. ಮಕ್ಕಳು ಮಣ್ಣಿನಲ್ಲಿ ಬಿದ್ದು ಹೊರಳಾಡಿ ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತವೆ, ಅಪ್ಪಂದಿರು ಫೋನು ನೋಡುತ್ತ ನಿಂತಿರುತ್ತಾರೆ. ಅವಕ್ಕೆ ಏನೂ ಆಗುವುದಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಸುಳ್ಳು ಏಕೆ ಹೇಳಲಿ. ಬೆಳಕಂತೂ ಆರುತ್ತಿರಲಿಲ್ಲ. ಅಳಬೇಕೆಂದರೆ ಮರೆಗೆ ಒಂದು ಕತ್ತಲೆ ಬೇಡವೇ? ಅದೂ ಇಲ್ಲದ ಊರು.

ಶರಣಮ್ಮ ಎರಡು ಸಲ ಗಂಡನ ಫೋನಿನಿಂದ ಮಾತಾಡಿದಳು. ಊಟ ಆಯಿತೇ, ಅಲ್ಲಿ ಬಿಸಿಲಿದೆಯೇ, ಇಷ್ಟೇ. ತನ್ನ ಪ್ರಶ್ನೆಯನ್ನು ಬಾಯಿಗೆ ತರಲಿಲ್ಲ, ಅವಸರ ಮಾಡಿದರೆ ಕೆಲಸ ಕೆಡುತ್ತದೆ ಎಂದುಕೊಂಡಿದ್ದಳೇನೋ. ಎರಡನೆಯ ಸಲ ಕರೆ ಬಂದಾಗ ತಟ್ಟೆಗಳು ಬೆಳ್ಳಗಾಗಿ ಹತ್ತು ದಿನವಾಗಿತ್ತು. ಕೆಲಸ ನಡದದ ಶರಣಮ್ಮ, ನಡದದ ಎಂದೆ. ಅಷ್ಟೊಂದು ಹೇಡಿ ನಾನು ಎಂದು ನನಗೂ ಗೊತ್ತಿರಲಿಲ್ಲ.

ಹೊರಡುವ ದಿನ ಇಂಗ್ರಿಡ್ ನನ್ನನ್ನು ಅಪ್ಪಿಕೊಂಡು, ನಿನ್ನಷ್ಟು ಜೋಪಾನವಾಗಿ ಕೆಲಸ ಮಾಡುವವರನ್ನು ನಾನು ಹೆಚ್ಚು ನೋಡಿಲ್ಲ ಎಂದಳು. ಸಮಾಧಾನಕ್ಕೆ ಹೇಳಿದ್ದು. ನನಗೆ ಕಪಾಳಕ್ಕೆ ಹೊಡೆದಂತಾಯಿತು.

ಮರಳಿ ಕಮಲಾಪುರ

ಕಲಬುರಗಿಗೆ ಬಂದ ಮೂರನೆಯ ದಿನ ಲ್ಯಾಬಿಗೆ ಹೋದೆ. ಎಲ್ಲರಿಗೂ ಚಾಕೊಲೇಟು ಹಂಚಿದೆ. ನಾನಿಲ್ಲದಾಗಲೂ ನನ್ನ ಸಹಾಯಕಿ ಶಿಗೆಲ್ಲವನ್ನು ಒಂದು ದಿನವೂ ಹೆಚ್ಚುಕಮ್ಮಿಯಾಗದಂತೆ ದಾಟಿಸಿದ್ದಳು, ಪಟ್ಟಿಯಲ್ಲಿ ಬರೆದು ಸಹಿ ಮಾಡಿದ್ದಳು. ಬಹಳ ಒಳ್ಳೆಯದು ಮಾಡಿದಿ ಎಂದೆ.

ಅಲ್ಲಿಂದ ನೇರ ಕಮಲಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಎರಡು ಮಾತನ್ನು ಬಾಯಲ್ಲಿ ತಿರುವುತ್ತ ಹೋದೆ. ಗೊತ್ತಾಗಲಿಲ್ಲ ಎನ್ನುವುದು ಖರೆ. ನಿನ್ನ ಗುಳಿಗೆಯದೇನೂ ತಪ್ಪಿಲ್ಲ ಎನ್ನುವುದು ಸುಳ್ಳು ಅಲ್ಲದಿರಬಹುದು, ಖರೆಯೂ ಅಲ್ಲದಿರಬಹುದು. ಇನ್ನು ಮುಂದೆ ಯಾರೂ ಅದನ್ನು ಪರೀಕ್ಷಿಸಲಾರರು. ಆ ತಾಯಿ ಮೂರು ವರ್ಷ ಕಾದಿದ್ದಾಳೆ. ವಿಜ್ಞಾನಕ್ಕೆ ನಿಯತ್ತಾಗಿದ್ದು ಅವಳನ್ನು ಸಾಯುವತನಕ ಉರಿಯಲ್ಲಿ ಇಡಲೇ? ಕಮಲಾಪುರ ಬರುವಷ್ಟರಲ್ಲಿ ಸುಳ್ಳೇ ಇರಲಿ ಎಂದು ತೀರ್ಮಾನಿಸಿದೆ. ಆರು ವಾರದ ಪ್ರವಾಸದಲ್ಲಿ ನನಗೆ ಸ್ವಲ್ಪ ಹಗುರೆನಿಸಿದ್ದು ಆ ಒಂದು ಗಳಿಗೆ.

ಶರಣಮ್ಮ ತಾಡಪತ್ರಿಯ ಕೆಳಗೆ ಹಣ್ಣಿಗೆ ನೀರು ಚಿಮುಕಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಕೂತುಕೊಳ್ಳಲು ಹಣ್ಣಿನ ಬುಟ್ಟಿಯನ್ನು ಬೋರಲು ಹಾಕಿಕೊಟ್ಟಳು. ನನ್ನ ಮುಖವನ್ನೇ ನೋಡುತ್ತ ನಿಂತಳು.

"ನಿನ್ನ ಗುಳಿಗಿದೇನೂ ತಪ್ಪಿಲ್ಲ ಶರಣಮ್ಮ," ಎಂದೆ. "ನೋಡಿ ಬಂದೀನಿ. ನೀ ಕೊಟ್ಟಿದ್ದಕ್ಕ ಆಕಿ ಹೋಗಿಲ್ಲ."

ಅವಳು ಅಲ್ಲೇ ಕುಕ್ಕರಿಸಿ ಕೂತಳು. ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಮೂರು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಆಗಲೇ ನೋಡಿದ್ದು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ. ಲಾರಿಗಳು ಹೋದವು, ಬಂದವು. ಅವಳು ಮೂಗು ಒರೆಸಿಕೊಂಡು ಎದ್ದು, ಹಿಂದಿನ ಗೂಡಿನಂಥ ಮನೆಯೊಳಗೆ ಹೋಗಿ, ಒಂದು ಪ್ಲಾಸ್ಟಿಕ್ ಚೀಲವನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಒಳಗೆ ಡಾಕ್ಟರರ ಚೀಟಿ, ಎರಡು ಹಾಳೆ ಗುಳಿಗೆ, ಕಿವಿಗೆ ಹಾಕುವ ಹನಿಯ ಬಾಟಲಿ. ಗುಳಿಗೆಯ ಹಾಳೆಯಲ್ಲಿ ಒಂದೂ ಒಡೆದಿರಲಿಲ್ಲ. ಬಾಟಲಿಯ ಸೀಲು ಹಾಗೆಯೇ ಇತ್ತು.

"ಹಂಗಾರ ಇವು ಈಗ ಕೊಡ್ಬಹುದಲ್ರಿ ಬಾಯಾರ?"

ಯಾರದು ಇದು ಎಂದೆ. ಸುಜಾತಾಂದ್ರಿ ಎಂದಳು. ನಾನು ಹೋದ ಮರುವಾರವೇ ಕಿವಿ ನೋವು ಬಂತಂತೆ, ಜ್ವರವೂ. ಇಲ್ಲಿನ ದವಾಖಾನೆಗೆ ತೋರಿಸಿದಳಂತೆ, ಡಾಕ್ಟರರು ಬರೆದುಕೊಟ್ಟರಂತೆ. ನಾಲ್ಕೈದು ದಿನ ಹುಡುಗಿ ಬಹಳ ಅತ್ತಿತಂತೆ. ಆಮೇಲೆ ಕಿವಿ ಸೋರತೊಡಗಿತು, ನೋವು ನಿಂತಿತು, ಸೋರುವುದು ಇನ್ನೂ ನಿಂತಿಲ್ಲ.

ಯಾಕೆ ಕೊಡಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು. ಶರಣಮ್ಮ ಬೆರಗಾಗಿ ನೋಡಿದಳು.

"ನೀವೇ ಅಂದಿದ್ರಲ್ರಿ. ನಾ ತಿಳಕೊಂಡು ಬರೋತನಕ ಹುಡುಗಿಗಿ ಯಾವ ಗುಳಿಗೀನೂ ಕೊಡಬ್ಯಾಡ ಅಂತ."

ಅಂದಿದ್ದೆ. ಮನೆಯಲ್ಲಿ ಉಳಿದ ಗುಳಿಗೆ ಕೊಡಬೇಡ ಎಂಬ ಅರ್ಥದಲ್ಲಿ, ಹೊರಡುವ ಅವಸರದಲ್ಲಿ, ದೊಡ್ಡಸ್ತಿಕೆಗೆ ಅಂದ ಮಾತು. ನನಗದು ನೆನಪೂ ಇರಲಿಲ್ಲ. ಅವಳು ಅದನ್ನು ದೇವರ ಮಾತಿನಂತೆ ನಡೆಸಿದ್ದಳು. ಎರಡು ಸಲ ಫೋನಿನಲ್ಲಿ ಊಟ ಆಯಿತೇ ಎಂದು ಕೇಳಿದಾಗಲೂ ಈ ಚೀಲ ಗೂಡಿನಲ್ಲಿತ್ತು. ಏನೂ ತಿಳಿಯಲಿಲ್ಲ, ಇನ್ನು ಕಾಯಬೇಡ ಎಂದು ಆವತ್ತೇ ಒಂದು ಮಾತು ಹೇಳಿದ್ದರೆ ಹುಡುಗಿಯ ಬಾಯಿಗೆ ಅಂದೇ ಗುಳಿಗೆ ಬೀಳುತ್ತಿತ್ತು. ಕೆಲಸ ನಡದದ ಎಂದೆನಲ್ಲ ನಾನು.

ಸುಜಾತಾ ಆಚೆ ಬೇವಿನ ಗಿಡದ ಕೆಳಗೆ ನಮ್ಮತ್ತ ಬೆನ್ನು ಮಾಡಿ ಕೂತು ಹಣ್ಣಿನ ಬುಟ್ಟಿಗೆ ಪೇಪರು ಹಾಸುತ್ತಿದ್ದಳು. ಅವಳನ್ನು ಈಗಲೇ ಕಲಬುರಗಿಗೆ ಕರೆದೊಯ್ಯಬೇಕೆಂದು ಎದ್ದೆ. ಅವಳ ಎಡಗಡೆಯಿಂದ ನಾಲ್ಕು ಹೆಜ್ಜೆ ಹತ್ತಿರಕ್ಕೆ ಹೋಗಿ ಹೆಸರು ಹಿಡಿದು ಕೂಗಿದೆ. ಹುಡುಗಿ ಪೇಪರು ಹಾಸುತ್ತಲೇ ಇದ್ದಳು. ಇನ್ನೊಂದು ಹೆಜ್ಜೆ ಮುಂದಿಟ್ಟು ಮತ್ತೆ ಕೂಗಿದೆ.

"ಆ ಕಡಿಂದ ಕರದ್ರ ಆಕಿಗಿ ಕೇಳಂಗಿಲ್ರಿ ಬಾಯಾರ," ಎಂದಳು ಶರಣಮ್ಮ. ಅಳು ಮುಗಿದ ಅವಳ ಮುಖ ಈಗ ತಿಳಿಯಾಗಿತ್ತು. "ಈ ಕಡಿ ಬಂದು ಕರೀರಿ."